ನಾಲ್ಕು ಮೆಗಾಪಿಕ್ಸೆಲ್ ಕ್ಯಾಮೆರಾ ಒಳ್ಳೆಯದೇ, ಡಬ್ಬಿಯಿಂದ ತೆಗೆದ ಹಾಗೇ ಬಿಡಬೇಡಿ

ತಿಪಟೂರು ಸೀಮೆಯ ಹಳ್ಳಿ ಮನೆ ಅಂದರೆ ಮೇಲೊಂದು ಅಟ್ಟ, ಅಟ್ಟದ ತುಂಬ ಕಾಯಿ. ಬಲಿತ ಕಾಯಿ ಅಟ್ಟ ಸೇರಿದ ಮೇಲೆ ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಅಲ್ಲಿಯವರೆಗೆ ವರ್ಷದ ದುಡಿಮೆಯೆಲ್ಲ ಮನೆಯೊಳಗೇ ಕೂತಿರುತ್ತದೆ. ಕೊಬ್ಬರಿ ಬೆಲೆ ಏರಿದ ಮೇಲಂತೂ ರಾತ್ರಿ ನಾಯಿ ಬೊಗಳಿದರೆ ಊರಲ್ಲಿ ಯಾರಿಗೂ ನಿದ್ದೆ ಹತ್ತುವುದಿಲ್ಲ. ನಾನು ಕೆಲಸ ಮಾಡುವುದು ತುಮಕೂರಿನಲ್ಲಿ. ಊರ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಅದಕ್ಕೇ ಜಗಲಿಯ ಮೂಲೆಗೆ ಒಂದು ಕ್ಯಾಮೆರಾ ಹಾಕಿಸಿದೆವು. ಗೇಟು, ಅಂಗಳ, ಅಟ್ಟದ ಮೆಟ್ಟಿಲು ಮೂರೂ ಅದರ ಕಣ್ಣಿಗೆ ಬೀಳಬೇಕು.

ತಂದದ್ದು ಹೊರಗೆ ಹಾಕುವ ಬುಲೆಟ್ ಮಾದರಿ. ನಾಲ್ಕು ಮೆಗಾಪಿಕ್ಸೆಲ್, 4 ಎಂಎಂ ಲೆನ್ಸ್, ಒಳಗೇ ಮೆಮೊರಿ ಕಾರ್ಡ್ ಹಾಕಬಹುದು. 128 ಜಿಬಿ ಕಾರ್ಡೂ ಸೇರಿ ಐದು ಸಾವಿರದೊಳಗೆ ಆಯಿತು. ಕಂಪನಿ ಹೆಸರು ಇಲ್ಲಿ ಮುಖ್ಯ ಅಲ್ಲ. ಈ ದರದಲ್ಲಿ ಸಿಗುವ ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗಳಲ್ಲೂ ಹೆಚ್ಚುಕಮ್ಮಿ ಇದೇ ಮೆನು ಇರುತ್ತದೆ.

ಹಾಕಲು ಬಂದ ಅಂಗಡಿ ಹುಡುಗ ಕೆಲಸದಲ್ಲಿ ಚುರುಕು. ವೈರನ್ನು ತೊಲೆಯ ಪಕ್ಕದಲ್ಲೇ ಅಚ್ಚುಕಟ್ಟಾಗಿ ಎಳೆದ. ಫೋನಿನಲ್ಲಿ ಚಿತ್ರ ಬಂದಿದ್ದೇ ತಡ, "ಎಲ್ಲಾ ಆಟೋ ಇದೆ ಮೇಡಂ, ಏನೂ ಮುಟ್ಟೋದು ಬೇಡ" ಅಂತ ಹೇಳಿ ಹೊರಟ. ನನ್ನ ತಕರಾರು ಇಲ್ಲೇ ಶುರು. ಆಟೋದಲ್ಲಿ ಬಿಟ್ಟ ಕ್ಯಾಮೆರಾ ಹಗಲು ಹೊತ್ತು ಚೆಂದದ ಚಿತ್ರ ತೋರಿಸುತ್ತದೆ. ಬೇಕಾದ ಹೊತ್ತಿಗೆ ಬಂದವರ ಮುಖ ಮಾತ್ರ ತೋರಿಸುವುದಿಲ್ಲ. ಮುಖ ಕಾಣದಿದ್ದರೆ ಕ್ಯಾಮೆರಾ ಇದ್ದೂ ಏನು ಪ್ರಯೋಜನ, ಅಲ್ವಾ?

ಇನ್ನೊಂದು ತೊಂದರೆ ಏನೆಂದರೆ, ಮೊಬೈಲ್ ಆ್ಯಪಿನಲ್ಲಿ ಸಿಗುವುದು ಎರಡು ಮೂರು ಬಟನ್ ಮಾತ್ರ. ನಿಜವಾದ ಸೆಟ್ಟಿಂಗ್ ಎಲ್ಲ ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಕ್ಯಾಮೆರಾದ ಐಪಿ ವಿಳಾಸ (ಮನೆಯ ನೆಟ್‌ವರ್ಕಿನಲ್ಲಿ ಅದಕ್ಕಿರುವ ನಂಬರು) ಹಾಕಿದರೆ ತೆರೆಯುತ್ತವೆ. ಮೆನು ಪೂರ್ತಿ ಇಂಗ್ಲಿಷ್, ಅದೂ ಬರೀ ಸಂಕ್ಷಿಪ್ತ ಅಕ್ಷರಗಳು. ಅಪ್ಪನಂಥವರಿಗೆ ಅದು ಬಾಗಿಲು ಮುಚ್ಚಿದ ಕೋಣೆ ಇದ್ದ ಹಾಗೆ. ಇಷ್ಟೆಲ್ಲ ಕ್ಯಾಮೆರಾ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮಾರುತ್ತಾರೆ, ಒಂದು ಕನ್ನಡ ಮೆನು ಕೊಡಲಿ ಎಂಬುದು ನನ್ನ ನೇರ ಒತ್ತಾಯ.

ಮೊದಲು ದೂರದ ವಿಚಾರ. ಅಪ್ಪ ಟೇಪ್ ಹಿಡಿದು ಅಳೆದರು, ಜಗಲಿಯಿಂದ ಗೇಟಿಗೆ ಹತ್ತು ಮೀಟರ್. ಅಷ್ಟು ದೂರದಲ್ಲಿ ಈ ಲೆನ್ಸಿಗೆ ಸುಮಾರು ಹದಿನೇಳು ಮೀಟರ್ ಅಗಲ ಕಾಣುತ್ತದೆ. ಪಿಕ್ಸೆಲ್ ಅಂದರೆ ಚಿತ್ರ ಕಟ್ಟುವ ಒಂದೊಂದು ಚುಕ್ಕೆ, ನಮ್ಮ ಚಿತ್ರದ ಅಗಲ 2560 ಪಿಕ್ಸೆಲ್. ಅಂದರೆ ಗೇಟಿನ ಹತ್ತಿರ ಒಂದು ಮೀಟರಿಗೆ 150 ಪಿಕ್ಸೆಲ್ ಸಿಕ್ಕಿತು. ಕ್ಯಾಮೆರಾಗಳಿಗೆಂದೇ ಯೂರೋಪಿನ ಒಂದು ಮಾನದಂಡ ಇದೆ, ಇಎನ್ 62676-4. ಅದರ 2015ರ ಆವೃತ್ತಿಯ ಪ್ರಕಾರ ಪರಿಚಯದವರನ್ನು ಇವರೇ ಅಂತ ಹೇಳಲು ಮೀಟರಿಗೆ 125 ಪಿಕ್ಸೆಲ್ ಸಾಕು, ಅಪರಿಚಿತರ ಗುರುತು ಖಚಿತ ಮಾಡಲು 250 ಬೇಕು. ಹಾಗಾಗಿ ಗೇಟಿನಲ್ಲಿ ನಿಂತವರು ನಮ್ಮೂರಿನವರಾದರೆ ಗೊತ್ತಾಗುತ್ತದೆ. ಹೊರಗಿನವರಾದರೆ ಅಂಗಳದ ಅರ್ಧಕ್ಕೆ, ಸುಮಾರು ಆರು ಮೀಟರ್ ಹತ್ತಿರಕ್ಕೆ ಬರಬೇಕು. ಲೆನ್ಸ್ ಕೊಳ್ಳುವ ಮುಂಚೆಯೇ ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ನಿಮ್ಮ ಗೇಟು ಇನ್ನೂ ದೂರ ಇದ್ದರೆ 6 ಎಂಎಂ ಕೇಳಿ. ಅಗಲ ಕಮ್ಮಿಯಾಗುತ್ತದೆ, ದೂರದ್ದು ದೊಡ್ಡದಾಗಿ ಕಾಣುತ್ತದೆ.

ಇದೇ ಲೆಕ್ಕದಲ್ಲಿ ಇನ್ನೊಂದು ಗುಟ್ಟಿದೆ. ಕ್ಯಾಮೆರಾ ಒಟ್ಟಿಗೆ ಎರಡು ವಿಡಿಯೋ ಕಳಿಸುತ್ತದೆ. ಒಂದು ಪೂರ್ತಿ ಗಾತ್ರದ ಮೇನ್ ಸ್ಟ್ರೀಮ್, ಇನ್ನೊಂದು ಚಿಕ್ಕದಾದ ಸಬ್ ಸ್ಟ್ರೀಮ್. ನೆಟ್ ಕಮ್ಮಿ ಇರುವಾಗ ಫೋನಿಗೆ ಬರುವುದು 640 ಪಿಕ್ಸೆಲ್ ಅಗಲದ ಸಬ್ ಸ್ಟ್ರೀಮ್. ಅದರಲ್ಲಿ ಗೇಟಿನ ಹತ್ತಿರ ಮೀಟರಿಗೆ ಮೂವತ್ತೆಂಟು ಪಿಕ್ಸೆಲ್ ಬಂದರೆ ಹೆಚ್ಚು. ಯಾರೋ ಬಂದರು ಅಂತ ಗೊತ್ತಾಗುತ್ತದೆ, ಯಾರು ಅಂತ ಗೊತ್ತಾಗುವುದಿಲ್ಲ. ಫೋನಿನಲ್ಲಿ ಮಸುಕಾಗಿ ಕಂಡಿತು ಅಂತ ಕ್ಯಾಮೆರಾವನ್ನು ಬೈಯುವವರು ತುಂಬ ಜನ. ಕಾರ್ಡಿನಲ್ಲಿ ಮೇನ್ ಸ್ಟ್ರೀಮ್ ರೆಕಾರ್ಡ್ ಆಗುತ್ತಿದೆಯಾ ನೋಡಿಕೊಳ್ಳಿ. ನಮ್ಮದರಲ್ಲಿ ಸ್ಟೋರೇಜ್ ಪುಟದಲ್ಲಿ ಸಬ್ ಅಂತ ಇತ್ತು. ಅಂಗಡಿಯವರು ಕಾರ್ಡ್ ಜಾಸ್ತಿ ದಿನ ಬರಲಿ ಅಂತ ಹಾಗೆ ಇಟ್ಟಿರಬಹುದು. ನಾನು ತಕ್ಷಣ ಬದಲಿಸಿದೆ.

ಬದಲಿಸಿದ ಮೇಲೆ ಜಾಗದ ಪ್ರಶ್ನೆ ಬರುತ್ತದೆ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಕಿಲೋಬಿಟ್ ಡೇಟಾ ಬರೆಯುತ್ತದೆ ಎಂಬುದು, 4096 ಇತ್ತು. ಎನ್‌ಕೋಡಿಂಗ್, ಅಂದರೆ ವಿಡಿಯೋವನ್ನು ಕುಗ್ಗಿಸಿಡುವ ವಿಧಾನ, ಎಚ್.264. ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ. 4096 ಕೆಬಿಪಿಎಸ್ ಅಂದರೆ ದಿನಕ್ಕೆ 44 ಜಿಬಿ. 128 ಜಿಬಿ ಕಾರ್ಡ್ ಮೂರು ದಿನವೂ ಬರುವುದಿಲ್ಲ, ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದು ಬರೆಯುತ್ತದೆ. ಸೋಮವಾರ ರಾತ್ರಿ ಆದದ್ದು ನಾನು ಶನಿವಾರ ಊರಿಗೆ ಹೋಗಿ ನೋಡುವಷ್ಟರಲ್ಲಿ ಅಳಿಸಿಹೋಗಿರುತ್ತದೆ. ಎಚ್.265 ಬಂದದ್ದು 2013ರಲ್ಲಿ. ಹಳೆಯ ಎಚ್.264ರಷ್ಟೇ ಚೆನ್ನಾದ ಚಿತ್ರವನ್ನು ಅದು ಸುಮಾರು ಅರ್ಧ ಬಿಟ್‌ರೇಟಿನಲ್ಲಿ ಕೊಡುತ್ತದೆ. ಅದನ್ನು ಆರಿಸಿ, ಬಿಟ್‌ರೇಟ್ 2048ಕ್ಕೆ ಇಳಿಸಿ, ಫ್ರೇಮ್ 15ಕ್ಕೆ ತಂದೆ. ಈಗ ದಿನಕ್ಕೆ 22 ಜಿಬಿ, ಐದು ದಿನದ ಮೇಲೆ ಬರುತ್ತದೆ. ಸೆಕೆಂಡಿಗೆ ಹದಿನೈದೇ ಫ್ರೇಮ್ ಸಾಲದಲ್ಲ ಅಂತ ಯಾರಾದರೂ ಕೇಳಬಹುದು. ನಡೆಯುವ ಮನುಷ್ಯ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಮುಂದೆ ಹೋಗುವುದು ಒಂಬತ್ತು ಹತ್ತು ಸೆಂಟಿಮೀಟರ್. ಅಂಗಳದ ಕಾವಲಿಗೆ ಅದು ಧಾರಾಳ ಸಾಕು. ಫ್ರೇಮ್ ಕಮ್ಮಿಯಾದಷ್ಟೂ ಉಳಿದ ಒಂದೊಂದು ಫ್ರೇಮಿಗೂ ಜಾಸ್ತಿ ಬಿಟ್ ಸಿಗುತ್ತದೆ. ಸಾಧ್ಯವಾದರೆ 256 ಜಿಬಿ ಕಾರ್ಡೇ ತೆಗೆದುಕೊಳ್ಳಿ, ಅದೂ ಹೈ ಎಂಡ್ಯೂರೆನ್ಸ್ ಅಂತ ಬರೆದಿರುವುದು. ಹಗಲೂ ರಾತ್ರಿ ಬರೆದು ಅಳಿಸುವ ಕೆಲಸಕ್ಕೆ ಮಾಮೂಲಿ ಫೋನ್ ಕಾರ್ಡ್ ತಡೆಯುವುದಿಲ್ಲ.

ಇನ್ನು ರಾತ್ರಿ. ಈ ವಿಮರ್ಶೆ ಬರೆಯಲು ಕಾರಣವೇ ಅದು.

ಕ್ಯಾಮೆರಾದ ಶಟರ್ ಆಟೋದಲ್ಲಿ ಇದ್ದಾಗ ಕತ್ತಲಾದಂತೆ ಬೆಳಕು ತುಂಬಿಕೊಳ್ಳಲು ಅದು ಜಾಸ್ತಿ ಹೊತ್ತು ತೆರೆದೇ ಇರುತ್ತದೆ. ಹಾಗಾಗಿ ಚಿತ್ರ ಬೆಳ್ಳಗೆ, ನೋಡಲು ಚೆನ್ನಾಗಿ ಬರುತ್ತದೆ. ನಿಂತ ಬೈಕು, ಕಟ್ಟಿದ ಹಸು, ರಾಶಿ ಹಾಕಿದ ಮಟ್ಟೆ ಎಲ್ಲ ಸ್ಪಷ್ಟ. ಆದರೆ ನಡೆಯುವವರು ಎಳೆದ ಹೊಗೆಯ ಥರ ಕಾಣುತ್ತಾರೆ. ನಾನು ಅಪ್ಪನಿಗೆ ಗೇಟಿನಿಂದ ಮೆಟ್ಟಿಲವರೆಗೆ ಮಾಮೂಲಾಗಿ ನಡೆದು ಬನ್ನಿ ಅಂದೆ. ಲ್ಯಾಪ್‌ಟಾಪಿನಲ್ಲಿ ವಿಡಿಯೋ ನಿಲ್ಲಿಸಿ ನೋಡಿದರೆ ಹೆಗಲ ಮೇಲಿನ ಟವೆಲ್ ಮತ್ತು ಮುಖ ಒಂದೇ ಬಿಳಿ ಮುದ್ದೆ. ಪಕ್ಕದಲ್ಲಿ ಕೂತಿದ್ದ ಅಮ್ಮ, "ಇದು ನಿಮ್ಮಪ್ಪ ಅಂತ ನಂಗೇ ಗೊತ್ತಾಗಲ್ವಲ್ಲೇ" ಅಂದಳು. ನಲವತ್ತು ವರ್ಷ ಜೊತೆಗಿದ್ದವಳಿಗೇ ಗೊತ್ತಾಗದಿದ್ದರೆ ಪೊಲೀಸರಿಗೆ ಹೇಗೆ ಗೊತ್ತಾಗಬೇಕು?

ಲೆಕ್ಕ ಸರಳ. ಮಾಮೂಲಿ ನಡಿಗೆಯಲ್ಲಿ ಸೆಕೆಂಡಿಗೆ ಸುಮಾರು 1.4 ಮೀಟರ್. ಶಟರ್ 1/12 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಮುಖ ಹನ್ನೊಂದು ಸೆಂಟಿಮೀಟರಿಗಿಂತ ಜಾಸ್ತಿ ಸರಿದಿರುತ್ತದೆ. ಎಕ್ಸ್‌ಪೋಶರ್ ಪುಟಕ್ಕೆ ಹೋಗಿ 1/100ಕ್ಕೆ ನಿಲ್ಲಿಸಿದೆ. ಈಗ ಸರಿಯುವುದು ಒಂದೂವರೆ ಸೆಂಟಿಮೀಟರ್ ಒಳಗೆ. ಚಿತ್ರ ಮೊದಲಿಗಿಂತ ಕಪ್ಪಾಯಿತು, ಅಂಗಳದ ಮೂಲೆಗಳು ಕತ್ತಲಲ್ಲಿ ಮುಳುಗಿದವು. ಅಪ್ಪ ಮತ್ತೆ ನಡೆದು ಬಂದರು. ಮೆಟ್ಟಿಲ ಹತ್ತಿರ ನಿಲ್ಲಿಸಿ ನೋಡಿದರೆ ಮೀಸೆ, ಕನ್ನಡಕದ ಫ್ರೇಮ್, ಕಿವಿ ಎಲ್ಲ ಬಿಡಿಬಿಡಿಯಾಗಿ ಕಂಡವು. ಚೆಂದದ ಚಿತ್ರ ಬೇಕಾ, ಗುರುತು ಸಿಗುವ ಮುಖ ಬೇಕಾ ಅಂದರೆ ನಾನು ಮುಖವನ್ನೇ ಆರಿಸುತ್ತೇನೆ. ನಿಮ್ಮ ಅಂಗಳದಲ್ಲಿ ಬೆಳಕು ತೀರಾ ಕಮ್ಮಿ ಇದ್ದರೆ 1/50 ಇಟ್ಟು ನೋಡಿ. ಅಥವಾ ಗೇಟಿಗೊಂದು ಎಲ್‌ಇಡಿ ಬಲ್ಬ್ ಹಾಕಿ. ಅದಕ್ಕಿಂತ ಅಗ್ಗದ ಉಪಾಯ ಇಲ್ಲ.

1/100 ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಕರೆಂಟು 50 ಹರ್ಟ್ಸ್, ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರ್ ಆ ಮಿನುಗಿಗೆ ಹೊಂದಬೇಕು. ಕ್ಯಾಮೆರಾದಲ್ಲಿ 60 ಹರ್ಟ್ಸ್ ಅಂತ ಇತ್ತು. ಜಗಲಿಯ ಟ್ಯೂಬ್‌ಲೈಟ್ ಹಾಕಿದ ಕೂಡಲೇ ಚಿತ್ರದಲ್ಲಿ ತೆಳುವಾದ ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತಿದ್ದವು. ಆ್ಯಂಟಿ ಫ್ಲಿಕರ್ 50ಕ್ಕೆ ಹಾಕಿದೆ, ಪಟ್ಟಿ ಮಾಯ.

ಕತ್ತಲಲ್ಲಿ ಚಿತ್ರದ ಮೇಲೆ ಏಳುವ ಚುಕ್ಕೆಗಳನ್ನು ಒರೆಸುವ ನಾಯ್ಸ್ ರಿಡಕ್ಷನ್ ಬಗ್ಗೆ ಒಂದೇ ಮಾತು. ಅದನ್ನು ಪೂರ್ತಿ ಏರಿಸಬೇಡಿ. ಚುಕ್ಕೆಗಳು ಹೋಗುತ್ತವೆ, ಜೊತೆಗೆ ನಡೆಯುವವರ ಮುಖದ ಗೆರೆಗಳೂ ಹೋಗುತ್ತವೆ. ನಡುವೆ ಇಟ್ಟಿದ್ದೇನೆ.

ರಾತ್ರಿ ಕ್ಯಾಮೆರಾವೇ ಹಾಕಿಕೊಳ್ಳುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ (ಐಆರ್) ದೀಪದಲ್ಲಿ ಬಟ್ಟೆಯ ಬಣ್ಣ ನಂಬಬೇಡಿ. ಅಮ್ಮನ ಕಡುಗಪ್ಪು ಅಂಚಿನ ಸೀರೆ ರಾತ್ರಿ ಚಿತ್ರದಲ್ಲಿ ಪೂರ್ತಿ ಬೂದು ಬಿಳಿ. ಎಷ್ಟೋ ಬಣ್ಣಗಳು ಆ ಬೆಳಕಿನಲ್ಲಿ ಹಾಗೇ ಬಿಳಿಚಿಕೊಳ್ಳುತ್ತವೆ. "ಬಿಳಿ ಷರ್ಟ್ ಹಾಕಿದ್ದ" ಅಂತ ದೂರು ಬರೆಸಿ ಯಾರಿಗೋ ತೊಂದರೆ ಆಗಬಾರದು. ಸ್ಮಾರ್ಟ್ ಐಆರ್ ಅಂತ ಒಂದು ಆಯ್ಕೆ ಇದೆ, ಅದನ್ನು ಆನ್ ಮಾಡಿ. ಹತ್ತಿರ ಬಂದವರ ಮುಖ ಸುಣ್ಣ ಬಳಿದಂತೆ ಆಗುವುದು ತಪ್ಪುತ್ತದೆ. ಆ ದೀಪಕ್ಕೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಬಲೆ ಲೆನ್ಸಿನ ಮುಂದೆ ತೂಗಿದರೆ ಇಡೀ ಚಿತ್ರ ಬೆಳ್ಳಗಾಗುತ್ತದೆ. ಇದಕ್ಕೆ ಸೆಟ್ಟಿಂಗ್ ಇಲ್ಲ. ವಾರಕ್ಕೊಮ್ಮೆ ಅಪ್ಪ ಕೋಲಿಗೆ ಬಟ್ಟೆ ಸುತ್ತಿ ಒರೆಸುತ್ತಾರೆ.

ನಮ್ಮ ಮನೆ ಪೂರ್ವಕ್ಕೆ ಮುಖ. ಬೆಳಿಗ್ಗೆ ಬಾಗಿಲಿಗೆ ಬಂದವರ ಬೆನ್ನಿಗೆ ಬಿಸಿಲು, ಮುಖ ಕಪ್ಪು. ಬಿಸಿಲು, ನೆರಳು ಎರಡನ್ನೂ ಸರಿದೂಗಿಸುವ ಡಬ್ಲ್ಯುಡಿಆರ್ ಆನ್ ಮಾಡಿದ ಮೇಲೆ ಮುಖವೂ ಕಾಣುತ್ತದೆ, ಹಿಂದಿನ ತೋಟವೂ ಕಾಣುತ್ತದೆ. ರಾತ್ರಿ ಅದು ಬೇಡ, ಚುಕ್ಕೆ ಜಾಸ್ತಿ ಮಾಡುತ್ತದೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಅಂತ ವೇಳೆ ಹಾಕಿಟ್ಟಿದ್ದೇನೆ.

ಅಲರ್ಟಿನ ಕಾಟವನ್ನೂ ಹೇಳಬೇಕು. ತೆಂಗಿನ ತೋಟದಲ್ಲಿ ಮೋಷನ್ ಡಿಟೆಕ್ಷನ್ ಸುಮ್ನೆ ಆನ್ ಮಾಡಿದರೆ ಗರಿ ಅಲುಗಿದ್ದಕ್ಕೆಲ್ಲ ಫೋನ್ ಬಡಿದುಕೊಳ್ಳುತ್ತದೆ. ಗಾಳಿ ಕಾಲದಲ್ಲಿ ರಾತ್ರಿಯಿಡೀ. ಬೇಸತ್ತು ಜನ ಅಲರ್ಟನ್ನೇ ಆಫ್ ಮಾಡಿಬಿಡುತ್ತಾರೆ, ಅಲ್ಲಿಗೆ ಕ್ಯಾಮೆರಾ ಇದ್ದೂ ಇಲ್ಲದಂತೆ. ಹಾಗೆ ಮಾಡಬೇಡಿ. ಗೇಟು ಮತ್ತು ಅಟ್ಟದ ಮೆಟ್ಟಿಲು ಎರಡಕ್ಕೆ ಮಾತ್ರ ಚೌಕ ಎಳೆದು, ಮನುಷ್ಯರು ಬಂದರೆ ಮಾತ್ರ ಅಂತ ಆರಿಸಿದೆ. ಈಗ ಬರುವುದು ಹಾಲಿನವರು, ಕಾಯಿ ಸುಲಿಯುವವರು, ಅಪ್ಪ. ಅಷ್ಟೇ. ಪಕ್ಕದ ಮನೆ ಅಕ್ಕನ ಬಚ್ಚಲ ಕಡೆ ಚಿತ್ರದ ಒಂದು ಮೂಲೆ ಹೋಗುತ್ತಿತ್ತು. ಪ್ರೈವೆಸಿ ಮಾಸ್ಕ್ ಹಾಕಿ ಅದನ್ನು ಕಪ್ಪು ಮಾಡಿ, ಅವರನ್ನೇ ಕರೆದು ತೋರಿಸಿದೆ. ಅವರಿಗೂ ಸಮಾಧಾನ, ನಮಗೂ ಸಮಾಧಾನ.

ಗಡಿಯಾರವನ್ನು ಯಾರೂ ನೋಡುವುದಿಲ್ಲ. ನಮ್ಮದರಲ್ಲಿ ಟೈಮ್ ಝೋನ್ ಜಿಎಂಟಿ ಪ್ಲಸ್ 8 ಇತ್ತು, ಅಂದರೆ ನಮ್ಮ ಸಮಯಕ್ಕಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ಹನ್ನೊಂದರ ಘಟನೆಗೆ ಮರುದಿನದ ತಾರೀಖು ಬೀಳುತ್ತದೆ. ಪ್ಲಸ್ 5:30ಕ್ಕೆ ತಂದು, ನೆಟ್ಟಿನಿಂದ ಸಮಯ ಸರಿಮಾಡಿಕೊಳ್ಳುವ ಎನ್‌ಟಿಪಿ ಆನ್ ಮಾಡಿ. ಕರೆಂಟ್ ಹೋಗಿ ಬಂದಾಗ ನಮ್ಮ ಕ್ಯಾಮೆರಾ ಹಳೆಯ ತಾರೀಖಿಗೆ ಹೋಗಿ ಕೂರುತ್ತದೆ, ನೆಟ್ ಸಿಕ್ಕ ಮೇಲೆ ಸರಿಯಾಗುತ್ತದೆ. ಅದಕ್ಕೇ ಕ್ಯಾಮೆರಾಕ್ಕೂ ರೂಟರ್‌ಗೂ ಸೇರಿ ಒಂದು ಪುಟ್ಟ ಯುಪಿಎಸ್ ಇಟ್ಟೆವು. ಸಾಕ್ಷಿಯಾಗಿ ಕೊಡುವ ಸಂದರ್ಭ ಬಂದರೆ ಕಾರ್ಡಿನ ಮೂಲ ಫೈಲನ್ನೇ ಕೊಡಿ. ಫೋನಿನ ಪರದೆ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ್ದು ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಗೆ ಪ್ರಮಾಣಪತ್ರವೂ ಬೇಕು.

ಕೊಳ್ಳುವವರು ಅಂಗಡಿಯಲ್ಲಿ ಎರಡು ಮಾತು ಕೇಳಿ. ಕೇಂದ್ರ ಸರ್ಕಾರ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆ ಕಡ್ಡಾಯ ಮಾಡಿದೆ, 2025ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ನಿಮಗೆ ಕೊಡುತ್ತಿರುವ ಮಾಡೆಲ್ ಆ ಪರೀಕ್ಷೆ ಮುಗಿಸಿದ್ದಾ, ಇಲ್ಲ ಹಳೆ ಸ್ಟಾಕಾ ಎಂಬುದು ಒಂದು. ಬ್ರೌಸರ್‌ನಲ್ಲಿ ಲಾಗಿನ್ ಆಗುವ ಪಾಸ್‌ವರ್ಡ್ ನನ್ನ ಕೈಗೆ ಕೊಡುತ್ತೀರಾ ಎಂಬುದು ಇನ್ನೊಂದು. ಎಷ್ಟೋ ಕಡೆ ಅದನ್ನು ಅಂಗಡಿಯವರೇ ಇಟ್ಟುಕೊಳ್ಳುತ್ತಾರೆ. ಮನೆ ನಮ್ಮದು, ಕೀಲಿಯೂ ನಮ್ಮ ಹತ್ತಿರವೇ ಇರಬೇಕು. ಕೊಟ್ಟ ದಿನವೇ ಬದಲಿಸಿ.

ಈ ಕ್ಯಾಮೆರಾವನ್ನು ನಾನು ಧೈರ್ಯವಾಗಿ ಕೊಳ್ಳಿ ಅನ್ನುತ್ತೇನೆ, ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದು ಕೂರುವವರು ಮನೆಯಲ್ಲಿ ಇದ್ದರೆ. ಅಟ್ಟದ ಒಳಗೂ ಒಂದು ಇರಲಿ ಅಂತ ಅಪ್ಪ ಕೇಳುತ್ತಿದ್ದಾರೆ. ಅಲ್ಲಿ ದೂರ ಕಮ್ಮಿ, ಅಗಲ ಜಾಸ್ತಿ ಕಾಣಬೇಕು. ಆದ್ದರಿಂದ ಅದಕ್ಕೆ 2.8 ಎಂಎಂ ಲೆನ್ಸಿನದು ಹೇಳಿದ್ದೇನೆ.