ಎರಡೂ ಕಡೆ ನಮ್ಮವರೇ: ಗೇಮ್ ಆಫ್ ಥ್ರೋನ್ಸ್‌ನ ಐದು ಯುದ್ಧಗಳನ್ನು ಅಕ್ಕನ ಜೊತೆ ಮತ್ತೆ ನೋಡಿದೆ

2019ರ ಏಪ್ರಿಲ್ 29, ಸೋಮವಾರ. ಅಮೆರಿಕದಲ್ಲಿ ಭಾನುವಾರ ರಾತ್ರಿ ಬರುತ್ತಿದ್ದ, ಸಿಂಹಾಸನಕ್ಕಾಗಿ ಕಿತ್ತಾಡುವ ಮನೆತನಗಳ ಕಥೆಯ ಟಿವಿ ಸರಣಿ 'ಗೇಮ್ ಆಫ್ ಥ್ರೋನ್ಸ್' ನಮಗೂ ಅದೇ ಹೊತ್ತಿಗೆ ಹಾಟ್‌ಸ್ಟಾರ್‌ನಲ್ಲಿ ಸಿಗುತ್ತಿತ್ತು, ಅಂದರೆ ಬೆಳಿಗ್ಗೆ ಆರೂವರೆಗೆ. ಆವತ್ತು ಎಂಟನೇ ಸೀಸನ್ನಿನ ಮೂರನೇ ಎಪಿಸೋಡ್, 'ದ ಲಾಂಗ್ ನೈಟ್'. 82 ನಿಮಿಷ, ಇಡೀ ಸರಣಿಯಲ್ಲೇ ಅತಿ ಉದ್ದದ್ದು. ಆಫೀಸಿಗೆ ಹೊರಡುವ ಮೊದಲು ಮುಗಿಸಲೇಬೇಕು ಎಂದು ಫೋನಿನಲ್ಲೇ ನೋಡಿದೆ. ಪೂರ್ವಕ್ಕಿರುವ ಕಿಟಕಿ. ಕಪ್ಪು ಪರದೆಯ ಮೇಲೆ ಕಿಟಕಿಯ ಸರಳುಗಳೇ ಜಾಸ್ತಿ ಕಂಡವು.

ಮುಗಿಯುವಷ್ಟರಲ್ಲಿ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಎರಡೇ ಥರದ ಮೆಸೇಜು. "ಏನೂ ಕಾಣ್ತಾ ಇಲ್ಲ ಗುರು" ಅನ್ನುವುದು ಒಂದು. ಬರೀ ಸರಣಿಯ ಹುಡುಗಿಯ ಹೆಸರು, "ಆರ್ಯಾ!!!" ಅನ್ನುವುದು ಇನ್ನೊಂದು. ಊರೂರಲ್ಲೂ ಅದೇ ಕಥೆ. ಆ ಒಂದು ಎಪಿಸೋಡಿನ ಬಗ್ಗೆ ಸುಮಾರು 78 ಲಕ್ಷ ಟ್ವೀಟುಗಳು ಬಂದವು. ಷಿಕಾಗೋದ ಬರ್ಲಿಂಗ್‌ಟನ್ ಬಾರಿನಲ್ಲಿ ಜನ ಒಟ್ಟಿಗೆ ಕೂತು ನೋಡುವ ವಿಡಿಯೋಗಳು ಆಗ ತುಂಬ ಓಡುತ್ತಿದ್ದವು. ಅವುಗಳನ್ನು ನೋಡಿದಾಗಲೆಲ್ಲ ನನಗೆ ಅಲ್ಲಿ ಕೂರಬೇಕಿತ್ತು ಅನಿಸುತ್ತಿತ್ತು.

ಅಂದಿನಿಂದ ನಮ್ಮ ಗುಂಪಿನಲ್ಲಿ ಒಂದು ಜಗಳ ನಿಂತೇ ಇಲ್ಲ. ಯಾವ ಯುದ್ಧ ದೊಡ್ಡದು? ಹೆಚ್ಚಿನವರ ಉತ್ತರ 'ಬ್ಯಾಟಲ್ ಆಫ್ ದ ಬಾಸ್ಟರ್ಡ್ಸ್'. ನನ್ನದೂ ಅದೇ ಆಗಿತ್ತು. ಹೋದ ಚಳಿಗಾಲದವರೆಗೆ.

ಹೋದ ಚಳಿಗಾಲದಲ್ಲಿ ಅಕ್ಕ ಮೂರು ತಿಂಗಳು ನಮ್ಮ ಮನೆಯಲ್ಲೇ ಇದ್ದಳು. ಅವಳು ಈ ಸರಣಿಯ ಒಂದು ಎಪಿಸೋಡನ್ನೂ ನೋಡಿರಲಿಲ್ಲ. ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ, ಏನೂ ಗೊತ್ತಿಲ್ಲ. ಇಂಥವರು ಸಿಗುವುದು ಅಪರೂಪ ಅಲ್ವಾ? ಮೊದಲಿನಿಂದ ಕೊನೆಯವರೆಗೆ ರಾತ್ರಿ ಊಟ ಆದಮೇಲೆ ನೋಡಿದೆವು. ಅದೇ ಟಿವಿ, ಅದೇ ಸೋಫಾ. ಯುದ್ಧದ ಎಪಿಸೋಡ್ ಬಂದಾಗ ಮಾತ್ರ ನಾನು ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳುತ್ತಿದ್ದೆ. ಎಲ್ಲಿ ಮಾತಾಡಿದಳು, ಎಲ್ಲಿ ಸುಮ್ಮನಾದಳು, ಮಾರನೇ ದಿನ ತಿಂಡಿಯ ಹೊತ್ತಿಗೆ ಯಾವುದರ ಬಗ್ಗೆ ಕೇಳಿದಳು. ಈ ಕೊನೆಯದೇ ನನ್ನ ಅಳತೆಗೋಲು ಆಯಿತು. ರಾತ್ರಿಯ ಕೂಗಾಟ ಎಲ್ಲ ಯುದ್ಧಕ್ಕೂ ಇರುತ್ತದೆ. ಬೆಳಿಗ್ಗೆಗೆ ಏನು ಉಳಿಯಿತು ಅನ್ನುವುದು ಬೇರೆ ಮಾತು.

(ಸರಣಿ ನೋಡದವರು ಇಲ್ಲಿಗೇ ನಿಲ್ಲಿಸಿ. ಮುಂದೆ ಎಲ್ಲ ಬಯಲಾಗುತ್ತದೆ.)

ಮೊದಲು ಬಂದದ್ದು 'ಬ್ಲ್ಯಾಕ್‌ವಾಟರ್'. ಎರಡನೇ ಸೀಸನ್ನಿನ ಒಂಬತ್ತನೆಯದು, 2012ರ ಮೇ ತಿಂಗಳದು. ನಿರ್ದೇಶನ ನೀಲ್ ಮಾರ್ಷಲ್, ಬರೆದದ್ದು ಮೂಲ ಕಾದಂಬರಿಗಳ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಅವರೇ. ಇಡೀ ಎಪಿಸೋಡ್ ಒಂದೇ ಊರಲ್ಲಿ, ಒಂದೇ ರಾತ್ರಿ ನಡೆಯುತ್ತದೆ. ಆಮೇಲೆ ಬಂದ ಯುದ್ಧಗಳ ಮುಂದೆ ಇದು ಗಾತ್ರದಲ್ಲಿ ಚಿಕ್ಕದು. ಹಾಗಾಗಿ ನಾನು ಇದನ್ನು ಎಂದೂ ಮೊದಲ ಸಾಲಿನಲ್ಲಿ ಇಟ್ಟಿರಲಿಲ್ಲ.

ಸಿಂಹಾಸನ ಬೇಕೆಂದು ಸ್ಟ್ಯಾನಿಸ್ ಹಡಗುಗಳಲ್ಲಿ ರಾಜಧಾನಿಯ ಮೇಲೆ ಬರುತ್ತಾನೆ. ಊರನ್ನು ಕಾಯುವ ಟಿರಿಯನ್ ಒಂದೇ ಒಂದು ಖಾಲಿ ಹಡಗನ್ನು ಕಳಿಸುತ್ತಾನೆ. ಅದರ ಹಿಂದಿನಿಂದ ಹಸಿರು ದ್ರವ ನೀರಿಗೆ ಸೋರುತ್ತಿರುತ್ತದೆ. ಎದುರಿನ ಹಡಗಿನಲ್ಲಿ ಸ್ಟ್ಯಾನಿಸ್ ಕಡೆಯ ಡಾವೋಸ್ ಅದನ್ನು ನೋಡುತ್ತಾನೆ. ಅವನಿಗೆ ಅರ್ಥವಾಗುತ್ತದೆ, ಆದರೆ ಹೊತ್ತು ಮೀರಿರುತ್ತದೆ. ಟಿರಿಯನ್ ಕಡೆಯ ಬಾಡಿಗೆ ಸೈನಿಕ ಬ್ರಾನ್ ಬಿಟ್ಟ ಒಂದು ಬೆಂಕಿಯ ಬಾಣ ಕತ್ತಲಲ್ಲಿ ಮೇಲೇರಿ ಇಳಿಯುತ್ತದೆ. ಆ ಬಾಣ ಗಾಳಿಯಲ್ಲಿರುವಾಗ ಅಕ್ಕನ ಬಾಯಿಂದ ಎರಡು ಮಾತು ಒಟ್ಟಿಗೇ ಬಂದವು. "ಹಚ್ಚು" ಅಂದಳು, ಹಿಂದೆಯೇ "ಅಯ್ಯೋ, ಬೇಡ" ಅಂದಳು. ನೋಟ್‌ಬುಕ್ಕಿನಲ್ಲಿ ಅದನ್ನು ಹಾಗೇ ಬರೆದುಕೊಂಡೆ.

ಅಮ್ಮ ಪಕ್ಕದಲ್ಲಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದರು. ಕಥೆ ಅವರಿಗೆ ಗೊತ್ತಿಲ್ಲ. ಹಸಿರು ಬೆಂಕಿ ಎದ್ದಾಗ ಅವರ ಕೈ ಸಿಪ್ಪೆಯ ಮೇಲೇ ನಿಂತುಬಿಟ್ಟಿತು. "ಇವನು ಯಾರ ಕಡೆಯವನೋ?" ಎಂದು ಡಾವೋಸ್‌ನನ್ನು ತೋರಿಸಿ ಕೇಳಿದರು. ಎದುರಾಳಿ ಕಡೆಯವನು ಅಂದೆ. "ಮುಖ ನೋಡಿದರೆ ಒಳ್ಳೆಯವನ ಥರ ಇದ್ದಾನಲ್ಲ." ಹೌದಮ್ಮ, ಒಳ್ಳೆಯವನೇ. ಅವನ ಮಗ ಅದೇ ಬೆಂಕಿಯಲ್ಲಿ ಹೋದ.

ಮಾರನೇ ದಿನ ಉಪ್ಪಿಟ್ಟು ಆರಿ ಹೋಗುವಷ್ಟು ಹೊತ್ತು ಅಕ್ಕ ಇದನ್ನೇ ಮಾತಾಡಿದಳು. ಅವಳ ಪ್ರಶ್ನೆ ಇದು: "ಸ್ಟ್ಯಾನಿಸ್ ಗೆದ್ದಿದ್ದರೆ ಸ್ಯಾನ್ಸಾ ಗತಿ ಏನು?" ಕೋಟೆಯೊಳಗೆ ಸ್ಯಾನ್ಸಾ ಎಂಬ ಹುಡುಗಿಯ ಜೊತೆ ಹೆಂಗಸರು, ಮಕ್ಕಳು ಕೂತಿರುತ್ತಾರೆ. ಬಾಗಿಲಲ್ಲಿ ಕೊಲೆಗಡುಕ ಸರ್ ಇಲಿನ್ ನಿಂತಿರುತ್ತಾನೆ. ಊರು ಬಿದ್ದರೆ ತಾವು ಯಾರೂ ಜೀವಂತ ಸಿಗಬಾರದು ಎಂದು ರಾಜಮಾತೆ ಸರ್ಸಿ ಅವನನ್ನು ನಿಲ್ಲಿಸಿದ್ದಾಳೆ. ಅಂದರೆ ಡಾವೋಸ್‌ನ ಕಡೆ ಗೆಲ್ಲಲಿ ಅಂದರೆ ಸ್ಯಾನ್ಸಾ ಸಾಯಬೇಕು. ಟಿರಿಯನ್ ಗೆಲ್ಲಲಿ ಅಂದರೆ ಕ್ರೂರಿ ರಾಜ ಜಾಫ್ರಿ ಸಿಂಹಾಸನದಲ್ಲೇ ಉಳಿಯಬೇಕು. ಯಾವ ಕಡೆ ಹೋದರೂ ಮನಸ್ಸಿಗೆ ಕೆಟ್ಟದ್ದೇ. ಇಷ್ಟು ವರ್ಷ ನಾನು ಈ ಎಪಿಸೋಡಿನ ಬಗ್ಗೆ ಮಾತಾಡುವಾಗ ಬರೀ ಹಸಿರು ಬೆಂಕಿಯ ಬಗ್ಗೆ ಮಾತಾಡಿದ್ದೆ.

ನಾಲ್ಕನೇ ಸೀಸನ್ನಿನ 'ದ ವಾಚರ್ಸ್ ಆನ್ ದ ವಾಲ್' ಕೂಡ ನೀಲ್ ಮಾರ್ಷಲ್ ಅವರದೇ. ಕ್ಯಾಮೆರಾ ಕೋಟೆಯ ಅಂಗಳವನ್ನು ಒಂದೇ ಏಟಿಗೆ ಸುತ್ತು ಹಾಕುವ ಶಾಟ್ ಈಗಲೂ ಮೈ ನವಿರೇಳಿಸುತ್ತದೆ. ಆದರೆ ನಾಯಕ ಜಾನ್ ಪ್ರೀತಿಸಿದ ಇಗ್ರಿಟ್ ಸಾವು ಬಿಟ್ಟರೆ ಅಕ್ಕ ಬೆಳಿಗ್ಗೆ ಏನೂ ಕೇಳಲಿಲ್ಲ. ಐದರ ಲೆಕ್ಕದಲ್ಲಿ ಇದನ್ನು ಸೇರಿಸಿಲ್ಲ.

'ಹಾರ್ಡ್‌ಹೋಮ್' ಬೇರೆಯೇ. 2015ರ ಮೇ 31ರದು, ಮಿಗೆಲ್ ಸಪೋಚ್ನಿಕ್ ನಿರ್ದೇಶನ. ಅರ್ಧದವರೆಗೆ ಬರೀ ಮಾತು. ಆಮೇಲೆ ಮಂಜು ಇಳಿಯುತ್ತದೆ, ನಾಯಿಗಳು ಬೊಗಳುತ್ತವೆ, ಹೆಬ್ಬಾಗಿಲು ಮುಚ್ಚುತ್ತದೆ. ಬಂದದ್ದು ಸತ್ತವರ ಸೈನ್ಯ, ಅದನ್ನು ನಡೆಸುವವರು ವೈಟ್ ವಾಕರ್‌ಗಳು. ಅಭಿಮಾನಿಗಳು ಹೆಚ್ಚು ಕೂಗಿದ್ದು ಜಾನ್‌ನ ಕತ್ತಿ ವೈಟ್ ವಾಕರ್‌ನ ಏಟಿಗೆ ಒಡೆಯದೆ ನಿಂತಾಗ. ಅಕ್ಕನೂ ಅಲ್ಲಿ ಚಪ್ಪಾಳೆ ತಟ್ಟಿದಳು. ಆದರೆ ಬೆಳಿಗ್ಗೆ ಅವಳಿಗೆ ಕತ್ತಿ ನೆನಪಿರಲಿಲ್ಲ. ಕಾರ್ಸಿ ನೆನಪಿದ್ದಳು. ಹೆಣ್ಣುಮಕ್ಕಳನ್ನು ದೋಣಿ ಹತ್ತಿಸಿ ಹಿಂದೆಯೇ ಬರುತ್ತೇನೆ ಎನ್ನುವ ತಾಯಿ. ಸತ್ತು ಎದ್ದ ಮಕ್ಕಳು ಎದುರು ಬಂದಾಗ ಅವಳ ಕೈ ಏಳುವುದಿಲ್ಲ. ಕೊನೆಗೆ ಆ ಸೈನ್ಯದ ಒಡೆಯ ನೈಟ್ ಕಿಂಗ್ ದಂಡೆಯಲ್ಲಿ ನಿಂತು ಎರಡೂ ಕೈ ಮೇಲೆತ್ತುತ್ತಾನೆ. ನೀಲಿ ಕಣ್ಣು ಬಿಟ್ಟು ಏಳುವವರಲ್ಲಿ ಅವಳೂ ಒಬ್ಬಳು. ಮಾತಿಲ್ಲ, ಸಂಗೀತವಿಲ್ಲ. ದೋಣಿ ದೂರ ಸರಿಯುತ್ತದೆ. ಅಕ್ಕ ಎದ್ದು ಹೋಗಿ ನೀರು ಕುಡಿದು ಬಂದಳು. ಆಮೇಲೂ ಮಾತಾಡಲಿಲ್ಲ.

ಈ ಸತ್ತವರ ಸೈನ್ಯಕ್ಕೆ ಮುಖವಿಲ್ಲ ಎಂದು ಜನ ಹೇಳುವುದುಂಟು. ಹಾರ್ಡ್‌ಹೋಮ್‌ನಲ್ಲಿ ಇದೆ. ಒಂದು ಗಳಿಗೆ ಹಿಂದೆ ಈ ಕಡೆ ಇದ್ದವರೇ ಈಗ ಆ ಕಡೆ ನಿಂತಿದ್ದಾರೆ.

ಈಗ 'ಬ್ಯಾಟಲ್ ಆಫ್ ದ ಬಾಸ್ಟರ್ಡ್ಸ್'. 2016ರ ಜೂನ್. ನಾನು ಮೊದಲು ನೋಡಿದ್ದು ಬೆಂಗಳೂರಿನ ಒಂದು ಬಾಡಿಗೆ ರೂಮಿನಲ್ಲಿ, ಆರು ಜನ, ಒಂದೇ ಲ್ಯಾಪ್‌ಟಾಪ್. ಕ್ರೂರಿ ರಾಮ್ಸೆ ಬೋಲ್ಟನ್ ವಿರುದ್ಧ ಸೋಲುತ್ತಿದ್ದ ಜಾನ್‌ನ ನೆರವಿಗೆ ಬಂದ ವೇಲ್ ಸೈನ್ಯದ ಕಹಳೆ ಕೇಳಿದಾಗ ನಾವು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಎದ್ದು ಬಂದಿದ್ದರು. ಅಂಥ ಖುಷಿಯನ್ನು ಬೇರೆ ಯಾವ ಎಪಿಸೋಡೂ ನನಗೆ ಕೊಟ್ಟಿಲ್ಲ. ಐಎಂಡಿಬಿಯಲ್ಲಿ ಅದಕ್ಕೆ 9.9ರ ಆಸುಪಾಸಿನ ರೇಟಿಂಗ್ ಇರುವುದೂ ಸುಮ್ನೆ ಅಲ್ಲ. 500 ಜನ ಸಹನಟರು, ನಿಜವಾದ ಕುದುರೆಗಳು, ಉತ್ತರ ಐರ್ಲೆಂಡಿನ ಕೆಸರಿನಲ್ಲಿ 25 ದಿನದ ಶೂಟಿಂಗ್. ಸಪೋಚ್ನಿಕ್ ಅವರಿಗೆ ಎಮ್ಮಿ ಪ್ರಶಸ್ತಿ ಬಂದದ್ದು ಇದಕ್ಕೇ.

ರಾಮ್ಸೆ ಬಾಣ ಬಿಡುತ್ತಿರುವಾಗ ಜಾನ್‌ನ ತಮ್ಮ ರಿಕಾನ್ ನೆಟ್ಟಗೆ ಓಡುತ್ತಾನೆ, ಆಗ "ಓರೆ ಓಡೋ, ಓರೆ ಓಡೋ" ಎಂದು ಅಕ್ಕ ಕೂಗಿದಳು. 2016ರಲ್ಲಿ ಇಡೀ ಜಗತ್ತು ಅದನ್ನೇ ಕೂಗಿತ್ತು. ಬೋಲ್ಟನ್ ಗುರಾಣಿಗಳು ಸುತ್ತುವರಿದಾಗ ಅಮ್ಮ, "ಅಭಿಮನ್ಯು ಥರ ಒಳಗೆ ಸಿಕ್ಕಿಕೊಂಡುಬಿಟ್ಟನಲ್ಲೋ" ಅಂದರು. ಜಾನ್ ಹೆಣಗಳ ಕೆಳಗೆ ಹೂತುಹೋಗುವ ಆ ಗಳಿಗೆಗಳಲ್ಲಿ ನಾನು ಟಿವಿ ಬಿಟ್ಟು ಅಕ್ಕನನ್ನೇ ನೋಡುತ್ತಿದ್ದೆ. ಚಳಿಗೆ ಕತ್ತಿನವರೆಗೆ ಹೊದ್ದಿದ್ದ ರಗ್ಗನ್ನು ಎರಡು ಬೆರಳಿನಿಂದ ಎಳೆದು ಎಳೆದು ಕೆಳಗೆ ಮಾಡಿಕೊಳ್ಳುತ್ತಿದ್ದಳು. ಅವಳಿಗೇ ಗೊತ್ತಿರಲಿಲ್ಲ. ಜಾನ್ ತಲೆ ಮೇಲೆತ್ತಿ ಉಸಿರೆಳೆದಾಗ ಅವಳೂ ಎಳೆದಳು. ಉಸಿರು ಕಟ್ಟಿಸುವುದರಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ.

ಬೆಳಿಗ್ಗೆ? "ಆ ರಾಮ್ಸೆ ಸತ್ತದ್ದು ಸರಿಯಾಯಿತು" ಅಂದಳು. ವೇಲ್ ಸೈನ್ಯ ಬರುವ ವಿಷಯ ಸ್ಯಾನ್ಸಾ ಜಾನ್‌ಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ನನ್ನ ಹತ್ತಿರ ಆಗಲೂ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅಷ್ಟೇ, ಮಾತು ತರಕಾರಿಗೆ ಹೋಯಿತು. ಇಲ್ಲಿ ಯಾರು ಸಾಯಬೇಕು ಅನ್ನುವುದರಲ್ಲಿ ನಮಗೆ ಒಂದು ಚೂರೂ ಅನುಮಾನ ಇರುವುದಿಲ್ಲ. ರಾಮ್ಸೆ ಪರವಾಗಿ ಒಂದು ಗಳಿಗೆ ಕೂಡ ಮನಸ್ಸು ಹೋಗುವುದಿಲ್ಲ. ಅವನು ಸತ್ತ, ಲೆಕ್ಕ ಮುಗಿಯಿತು.

ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಆದರೆ ಏಳನೇ ಸೀಸನ್ನಿನ 'ದ ಸ್ಪಾಯಿಲ್ಸ್ ಆಫ್ ವಾರ್' ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. 2017ರ ಆಗಸ್ಟ್, ಮ್ಯಾಟ್ ಶಾಕ್‌ಮನ್ ನಿರ್ದೇಶನ. ಬರೀ 50 ನಿಮಿಷ, ಸರಣಿಯಲ್ಲೇ ಅತಿ ಚಿಕ್ಕ ಎಪಿಸೋಡ್. ರಾಣಿ ಡನೇರಿಸ್‌ಳ ಡ್ರ್ಯಾಗನ್ ಮೊದಲ ಸಲ ದೊಡ್ಡ ಸೈನ್ಯದ ಮೇಲೆ ಎರಗಿದಾಗ ಅಕ್ಕ ಸೋಫಾ ಮೇಲೆ ಮಂಡಿಯೂರಿ ಎದ್ದಳು. ಇದಕ್ಕಾಗಿ ಆರು ಸೀಸನ್ ಕಾದಿದ್ದಳು. ಎರಡೇ ನಿಮಿಷ. ಗಾಡಿಗಳು ಬೂದಿಯಾಗುತ್ತವೆ, ಆ ಸೈನ್ಯದ ಜೇಮಿ ಸುತ್ತ ನೋಡುತ್ತಾನೆ, ಈಗ ಜೇಮಿ ಕಡೆ ಇರುವ ಬ್ರಾನ್‌ನ ಚಿನ್ನದ ಚೀಲ ನೆಲಕ್ಕೆ ಬಿದ್ದು ಚೆಲ್ಲುತ್ತದೆ. ಅವನು ಒಂದು ಸಲ ಅದನ್ನು ನೋಡಿ ಬಿಟ್ಟು ಓಡುತ್ತಾನೆ. ಅಲ್ಲಿಂದ ಅಕ್ಕನ ಕೂಗು ನಿಂತಿತು. ಬ್ರಾನ್ ದೊಡ್ಡ ಬಿಲ್ಲನ್ನು ಡ್ರ್ಯಾಗನ್ ಕಡೆ ತಿರುಗಿಸಿದಾಗ, "ತಪ್ಪಲಿ ದೇವರೇ" ಅಂದಳು. ಜೇಮಿ ಈಟಿ ಹಿಡಿದು ಡನೇರಿಸ್ ಕಡೆ ಕುದುರೆ ಓಡಿಸಿದಾಗ, "ಹೋಗಬೇಡ, ಹೋಗಬೇಡ" ಅಂದಳು. ಗುಡ್ಡದ ಮೇಲೆ ನಿಂತ ಟಿರಿಯನ್‌ನ ಮುಖದಲ್ಲೂ ಅದೇ ಮಾತು ಇತ್ತು. ಅಣ್ಣ ಜೇಮಿ ಒಂದು ಕಡೆ, ತಾನು ಒಪ್ಪಿಕೊಂಡ ರಾಣಿ ಇನ್ನೊಂದು ಕಡೆ.

ಮಾರನೇ ದಿನ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಮೊದಲು ಖುಷಿಪಟ್ಟೆ ಅಂತ ಈಗ ಬೇಜಾರಾಗ್ತಿದೆ ಕಣೋ." ಒಂದು ಯುದ್ಧದ ಎಪಿಸೋಡ್ ನೋಡುವವರಿಗೆ ಇಷ್ಟು ಮಾಡಿದರೆ ಸಾಕು.

ಇನ್ನು 'ದ ಲಾಂಗ್ ನೈಟ್'. ಇದಕ್ಕೆ ನ್ಯಾಯ ಆಗಲಿ ಎಂದು ನಾನು ಮೂರು ಥರ ನೋಡಿದ್ದೇನೆ. 2019ರ ಫೋನ್ ಒಂದು. ಅದನ್ನು ಲೆಕ್ಕಕ್ಕೇ ಹಿಡಿಯಬಾರದು. ಎರಡನೆಯದು ಟ್ಯೂಬ್‌ಲೈಟ್ ಹಾಕಿಕೊಂಡು, ಟಿವಿ ಅಂಗಡಿಯಿಂದ ಬಂದ ಸೆಟ್ಟಿಂಗ್‌ನಲ್ಲೇ. ಆಕಾಶ ಬೂದು ಚೌಕಗಳಾಗಿ ಒಡೆದು ಕಾಣಿಸಿತು. ನೆಟ್‌ನಲ್ಲಿ ಬರುವ ವಿಡಿಯೋವನ್ನು ಹಿಂಡಿ ಕಳಿಸುತ್ತಾರೆ. ಕತ್ತಲೆಯ ದೃಶ್ಯದಲ್ಲಿ ಅದರ ಪೆಟ್ಟು ಮೊದಲು ಗೊತ್ತಾಗುತ್ತದೆ. ಮೂರನೆಯದು ಅಕ್ಕನ ಜೊತೆ. ದೀಪ ಆರಿಸಿದೆವು. ಎನರ್ಜಿ ಸೇವಿಂಗ್ ಆಫ್, ಸಿನಿಮಾ ಮೋಡ್ ಆನ್, ಬ್ರೈಟ್‌ನೆಸ್ ಸ್ವಲ್ಪ ಮೇಲೆ. ದೇವರ ಮನೆಯ ದೀಪದ ಬೆಳಕು ಬೀಳದಂತೆ ಅಡ್ಡ ಬಾಗಿಲನ್ನೂ ಮುಚ್ಚಿದೆ.

ಅಜಗಜಾಂತರ! ಸತ್ತವರ ಸೈನ್ಯ ಕೋಟೆಯ ಮುಂದೆ ಬಂದಿದೆ. ಮಾಟಗಾತಿ ಮೆಲಿಸಾಂಡ್ರೆ ಬಂದು ಡನೇರಿಸ್ ಕಡೆಯ ಕುದುರೆ ಸವಾರರಾದ ದೋಥ್ರಾಕಿಗಳ ಕತ್ತಿಗಳಿಗೆ ಬೆಂಕಿ ಹೊತ್ತಿಸುತ್ತಾಳೆ. ಸಾವಿರಾರು ದೀಪ ಕತ್ತಲಿಗೆ ನುಗ್ಗುತ್ತವೆ. ಕೋಟೆಯ ಹತ್ತಿರ ನಿಂತವರ ಜೊತೆ ನಾವೂ ದೂರದಿಂದ ನೋಡುತ್ತೇವೆ. ದೀಪಗಳು ಒಂದೊಂದಾಗಿ ಆರುತ್ತವೆ. ಎಲ್ಲವೂ. ಫೋನಿನಲ್ಲಿ ನನಗೆ ಇದು ಗೊತ್ತೇ ಆಗಿರಲಿಲ್ಲ. ಕತ್ತಲಾದ ಕೋಣೆಯಲ್ಲಿ ಕೊನೆಯ ದೀಪ ಆರಿದಾಗ ನಮ್ಮ ಕೋಣೆಯೂ ಕಪ್ಪಾಯಿತು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಕತ್ತಲು ಬೇಕೆಂದೇ ಇಟ್ಟದ್ದು, ಸರಿಯಾಗಿ ನೋಡಿ ಎಂದು ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಹೇಳಿದಾಗ ಜನ ಸಿಟ್ಟಾಗಿದ್ದರು. ಈ ಒಂದು ದೃಶ್ಯದ ಮಟ್ಟಿಗೆ ಅವರು ಹೇಳಿದ್ದು ನಿಜ.

ಉಳಿದದ್ದಕ್ಕೆ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಚಿತ್ರ ಸ್ಪಷ್ಟವಾದ ಮೇಲೂ ಯಾರು ಎಲ್ಲಿದ್ದಾರೆ ಎಂದು ತಿಳಿಯುವುದಿಲ್ಲ. ಬ್ರಿಯೆನ್, ಜೇಮಿ, ಸ್ಯಾಮ್ ಹತ್ತು ಸಲ ಹೆಣಗಳ ಕೆಳಗೆ ಮುಚ್ಚಿಹೋಗುತ್ತಾರೆ, ಹತ್ತು ಸಲವೂ ಉಳಿಯುತ್ತಾರೆ. ಆ ಕಡೆಯ ಗುಂಪಿನಲ್ಲಿ ನಮಗೆ ಗೊತ್ತಿರುವ ಮುಖಗಳು ಒಂದೆರಡು ಗಳಿಗೆ ಬಿಟ್ಟರೆ ಕಾಣುವುದೇ ಇಲ್ಲ. ಸತ್ತವರನ್ನು ಎಬ್ಬಿಸುವ ಶತ್ರು ಬರುತ್ತಿದ್ದಾನೆ, ಹೆಂಗಸರು ಮಕ್ಕಳನ್ನು ಸಮಾಧಿಗಳಿರುವ ನೆಲಮಾಳಿಗೆಗೆ ಕಳಿಸುತ್ತಾರೆ ಎಂದು 2019ರಲ್ಲಿ ಅಭಿಮಾನಿಗಳು ಬೇಸರಪಟ್ಟದ್ದು ಸರಿಯೇ. ಅಲ್ಲಿ ಅಪ್ಪ ನೆಡ್ ಸ್ಟಾರ್ಕ್‌ನ ಹೆಣ ಎದ್ದು ಸ್ಯಾನ್ಸಾ ಎದುರು ನಿಂತಿದ್ದರೆ ಹೇಗಿರುತ್ತಿತ್ತು! ಅಕ್ಕ ಅದಕ್ಕೇ ಕಾಯುತ್ತಿದ್ದಳು. ಬರಲಿಲ್ಲ.

ಆದರೂ ಥಿಯಾನ್ ಈಟಿ ಹಿಡಿದು ನೈಟ್ ಕಿಂಗ್ ಕಡೆಗೆ ಒಬ್ಬನೇ ಓಡುವಾಗ ನಾನು ಅತ್ತೆ. ರಾಮಿನ್ ಜವಾದಿ ಅವರ ಪಿಯಾನೋ ಹಿಂದೆ ನುಡಿಯುತ್ತಿರುತ್ತದೆ. ನೈಟ್ ಕಿಂಗ್‌ನನ್ನು ಕೊಲ್ಲಲು ಆರ್ಯಾ ಒಂದು ಕೈಯಿಂದ ಬಾಕು ಬಿಟ್ಟು ಇನ್ನೊಂದು ಕೈಯಲ್ಲಿ ಹಿಡಿದಾಗ ಅಕ್ಕ ಕೂಗಿದ ಕೂಗಿಗೆ ಅಮ್ಮ ನಿದ್ದೆಯಿಂದ ಎದ್ದು ಬಂದರು. ಬೆಳಿಗ್ಗೆ ಅವಳು ಮಾತಾಡಿದ್ದು ಆ ದೀಪಗಳ ಬಗ್ಗೆ ಮಾತ್ರ.

ನನ್ನ ಸಾಲು ಈಗ ಹೀಗಿದೆ: ಬ್ಲ್ಯಾಕ್‌ವಾಟರ್ ಮೊದಲು, ಅದರ ಬೆನ್ನಿಗೇ ಸ್ಪಾಯಿಲ್ಸ್ ಆಫ್ ವಾರ್, ಆಮೇಲೆ ಹಾರ್ಡ್‌ಹೋಮ್. ಬಾಸ್ಟರ್ಡ್ಸ್ ನಾಲ್ಕನೆಯದು. ಹತ್ತು ಜನ ಸೇರಿ ನೋಡುವುದಾದರೆ ಮಾತ್ರ ಅದನ್ನೇ ಹಾಕಿ. ಲಾಂಗ್ ನೈಟ್ ಕೊನೆಗೆ. ಅಮಾವಾಸ್ಯೆ ರಾತ್ರಿ, ಪರದೆಗಳನ್ನೆಲ್ಲ ಎಳೆದು, ಫೋನ್ ಪಕ್ಕದ ಕೋಣೆಯಲ್ಲಿ ಇಟ್ಟು ನೋಡಿ. ಮೊದಲ ಅರ್ಧ ಗಂಟೆ ಯಾರಾದರೂ ಎದ್ದು ಲೈಟ್ ಹಾಕಲು ಹೋದರೆ ಬಿಡಬೇಡಿ.