ಹೊಸಪೇಟೆ ರಸ್ತೆಯ ಗ್ಯಾರೇಜು ಮತ್ತು ಬಾಕ್ಸ್‌ಸ್ಟರ್ ಕಾರಿನ ಕಾಣದ ಸೋರಿಕೆ

ಗಣಿಗಾರಿಕೆಯ ಉಬ್ಬರದ ವರ್ಷಗಳಲ್ಲಿ ಬಳ್ಳಾರಿಗೆ ಬಂದು, ಆಮೇಲೆ ಕೈಯಿಂದ ಕೈಗೆ ದಾಟುತ್ತ ಹೋದ ದುಬಾರಿ ಕಾರುಗಳಲ್ಲಿ ನನ್ನ ಪೋರ್ಷೆ ಬಾಕ್ಸ್‌ಸ್ಟರ್ ಕೂಡ ಒಂದು. 2004ರ ಮಾದರಿ, 2.7 ಲೀಟರಿನ ಆರು ಸಿಲಿಂಡರ್ ಎಂಜಿನ್. ನಾನು ಇದರ ಮೂರನೆಯ ಮಾಲೀಕ. ಕಳೆದ ಏಪ್ರಿಲ್‌ನಲ್ಲಿ ತೋರಣಗಲ್ಲಿನಿಂದ ಮರಳುವಾಗ ಕುಡತಿನಿಯ ಬಳಿ ಚಹಾಕ್ಕೆಂದು ನಿಲ್ಲಿಸಿದೆ. ಎರಡು ನಿಮಿಷದಲ್ಲಿ ಹಿಂದಿನ ಬಂಪರಿನ ಕೆಳಗಿನಿಂದ ಬಿಳಿ ಹಬೆ ಏಳತೊಡಗಿತು, ಅದರ ಜೊತೆಗೇ ಎಂಜಿನ್ ತಣಿಸುವ ದ್ರವವಾದ ಕೂಲಂಟ್‌ನ ಸಿಹಿ ವಾಸನೆ. ಉಷ್ಣತೆಯ ಮುಳ್ಳು ಮಾತ್ರ ನಡುವಿನಿಂದ ಅಲುಗಿರಲಿಲ್ಲ.

ಮೊದಲು ಕಾರನ್ನು ಬೇರೊಂದು ಊರಿನ ದೊಡ್ಡ ವರ್ಕ್‌ಶಾಪಿಗೆ ಕಳಿಸಿದ್ದೆ. ಅಲ್ಲಿ ಕೂಲಂಟ್ ಟ್ಯಾಂಕಿನ ಮುಚ್ಚಳ ಬದಲಾಯಿಸಿದರು, ಥರ್ಮೋಸ್ಟಾಟ್ ಬದಲಾಯಿಸಿದರು, ಹಬೆ ನಿಲ್ಲದಿದ್ದಾಗ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳಿಗೂ ಅವುಗಳ ತಲೆಭಾಗಕ್ಕೂ ನಡುವೆ ಕೂರುವ ಬಿಗಿಪದರ) ಹೋಗಿದೆ, ಎಂಜಿನ್ ಇಳಿಸಬೇಕು ಎಂದು ನಾಲ್ಕು ಲಕ್ಷ ರೂಪಾಯಿಯ ಅಂದಾಜು ಪಟ್ಟಿ ಕೈಗಿಟ್ಟರು. ಒಂದು ಪರೀಕ್ಷೆಯನ್ನೂ ಮಾಡದೆ ಈ ತೀರ್ಮಾನಕ್ಕೆ ಹೇಗೆ ಬಂದಿರಿ ಎಂದು ಕೇಳಿದ್ದಕ್ಕೆ, ಈ ಕಾರುಗಳ ಹಣೆಬರಹವೇ ಅಷ್ಟು ಎಂಬ ಉತ್ತರ ಬಂತು.

ಈ ಬರಹ ಆಮೇಲೆ ನಾನು ಹೋದ ಗ್ಯಾರೇಜಿನ ಕುರಿತು. ಹೊಸಪೇಟೆ ರಸ್ತೆಯಲ್ಲಿ ಲಾರಿ ಬಾಡಿ ಕಟ್ಟುವವರ ಶೆಡ್ಡುಗಳು ಮುಗಿಯುವಲ್ಲಿ ಅದಿದೆ. ತಗಡಿನ ಸೂರು, ಒಂದೇ ಲಿಫ್ಟು, ಕೂರಲು ಹಳೆಯ ಜೀಪಿನ ಸೀಟು. ಮಾಲೀಕರನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಾರೆ. ಹೆಸರು ಹಾಕುವುದು ಬೇಡವೆಂದು ಅವರೇ ಹೇಳಿದ್ದರಿಂದ ಇಲ್ಲಿ ಹಾಕಿಲ್ಲ. ಅಂದಾಜು ಪಟ್ಟಿಯನ್ನು ಮುಂದೆ ಚಾಚಿದಾಗ ಅವರು ಅದನ್ನು ಓದಲೂ ಇಲ್ಲ. "ಬಿಚ್ಚೋದು ಕೊನೀಗೆ ಸಾರ್. ಮೊದ್ಲು ನೀರು ಎಲ್ಲಿ ಹೋಗ್ತೈತೆ ನೋಡಾಣ," ಎಂದರು.

ಮೊದಲು ಗ್ಯಾಸ್ಕೆಟ್‌ನ ಆರೋಪವನ್ನೇ ಪರೀಕ್ಷೆಗೆ ಒಡ್ಡಿದರು. ಕೂಲಂಟ್ ಟ್ಯಾಂಕಿನ ಬಾಯಿಗೆ ಗಾಜಿನ ನಳಿಕೆಯೊಂದನ್ನು ಕೂರಿಸಿ, ಅದರಲ್ಲಿ ನೀಲಿ ದ್ರಾವಣ ಹಾಕಿ, ಎಂಜಿನ್ ಓಡುತ್ತಿರುವಾಗ ಟ್ಯಾಂಕಿನೊಳಗಿನ ಗಾಳಿಯನ್ನು ಅದರ ಮೂಲಕ ಎಳೆದರು. ಸಿಲಿಂಡರಿನ ಹೊಗೆ ಕೂಲಂಟ್‌ಗೆ ನುಗ್ಗುತ್ತಿದ್ದರೆ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ತಾಗಿ ನೀಲಿ ಬಣ್ಣ ಹಳದಿಗೆ ತಿರುಗಬೇಕು. ಹತ್ತು ನಿಮಿಷ ಕಣ್ಣು ಕೀಲಿಸದಂತೆ ಅಲ್ಲ, ಕಣ್ಣು ಮಿಟುಕಿಸದೆ ನೋಡಿದೆ; ನೀಲಿ ನೀಲಿಯಾಗಿಯೇ ಉಳಿಯಿತು. ಆಯಿಲ್ ಕಡ್ಡಿಯಲ್ಲೂ ಕೂಲಂಟ್ ಬೆರೆತರೆ ಕಾಣುವ ಮಜ್ಜಿಗೆಯಂಥ ಕೆನೆ ಇರಲಿಲ್ಲ. ಮುಳ್ಳು ಏರದೆ ಹಬೆ ಬರುತ್ತಿದೆಯೆಂದರೆ, ಹೊರಗೆ ಎಲ್ಲೋ ತೊಟ್ಟಿಕ್ಕಿದ ಕೂಲಂಟ್ ಕಾದ ಸೈಲೆನ್ಸರ್ ಮೇಲೆ ಬಿದ್ದು ಆವಿಯಾಗುತ್ತಿದೆ ಎಂಬುದು ಅವರ ಊಹೆ. ಓಡುವಾಗ ಗಾಳಿ ಅದನ್ನು ಹೊತ್ತೊಯ್ಯುವುದರಿಂದ ನಿಂತಾಗಲಷ್ಟೇ ಕಣ್ಣಿಗೆ ಬೀಳುತ್ತದೆ.

ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಒತ್ತಡದ ಪರೀಕ್ಷೆ. ಈ ಕಾರಿನ ಟ್ಯಾಂಕಿಗೆ ಸಾಮಾನ್ಯ ಕಿಟ್‌ನ ಬಿರಡೆ ಹೊಂದುವುದಿಲ್ಲವಾದ್ದರಿಂದ ಕೌಲ್ ಬಜಾರಿನ ಲೇತಿನಲ್ಲಿ ಕಡೆಸಿಟ್ಟುಕೊಂಡಿದ್ದ ಹಿತ್ತಾಳೆಯ ಬಿರಡೆಯನ್ನು ಕೂರಿಸಿ, ಮುಚ್ಚಳದ ಮೇಲೆ ನಮೂದಾಗಿದ್ದಷ್ಟೇ ಒತ್ತಡವನ್ನು ಕೈಪಂಪಿನಿಂದ ಏರಿಸಿದರು. ಇಪ್ಪತ್ತು ನಿಮಿಷವಾದರೂ ಮೀಟರ್ ಇಳಿಯಲಿಲ್ಲ. ಬೇರೆಯವರಾಗಿದ್ದರೆ ಸೋರಿಕೆಯಿಲ್ಲವೆಂದು ಅಲ್ಲಿಗೇ ಬಿಡುತ್ತಿದ್ದರೇನೋ. ಇವರು ಹಿಂದಿನ ಡಿಕ್ಕಿಯ ಕಾರ್ಪೆಟ್ ಎತ್ತಿ, ಟ್ಯಾಂಕಿನ ಸುತ್ತ, ಪೈಪುಗಳ ಕುತ್ತಿಗೆಗಳಿಗೆಲ್ಲ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ, ಪಂಪನ್ನು ಹಾಗೆಯೇ ಬಿಟ್ಟು ಎಂಜಿನ್ ಬಿಸಿಯಾಗಲು ಕೊಟ್ಟರು. ಅರ್ಧ ಗಂಟೆಯ ಮೇಲೆ ಎಂಜಿನ್ ಆರಿಸಿದಾಗ ಮೀಟರಿನ ಮುಳ್ಳು ನಿಧಾನವಾಗಿ ಜಾರತೊಡಗಿತು. ಟಾರ್ಚ್ ಬೆಳಕಿನಲ್ಲಿ, ಟ್ಯಾಂಕಿನ ತಳದ ಬೆಸುಗೆಯ ಅಂಚಿನಲ್ಲಿ, ಬಿಳಿ ಪೌಡರಿನ ನಡುವೆ ಕೂದಲೆಳೆಯಷ್ಟು ತೆಳುವಾದ ಒದ್ದೆ ಗೆರೆಯೊಂದು ಮೂಡಿ ಬೆರಳುದ್ದ ಬೆಳೆಯಿತು. ತಣ್ಣಗಿದ್ದಾಗ ಕೂಡಿಕೊಂಡು, ಪ್ಲಾಸ್ಟಿಕ್ ಬಿಸಿಯಾದಾಗ ಮಾತ್ರ ಬಾಯಿ ಬಿಡುವ ಬಿರುಕು ಅದು. ಈ ತಲೆಮಾರಿನ ಬಾಕ್ಸ್‌ಸ್ಟರ್‌ಗಳಲ್ಲಿ ಟ್ಯಾಂಕ್ ಸೀಳುವುದು ಹೊಸತೇನಲ್ಲ.

ಅಷ್ಟು ಸಣ್ಣ ಬಿರುಕಿಗೆ ಇಷ್ಟೆಲ್ಲ ಏಕೆ ಎನಿಸಬಹುದು. ನೀರು 100 ಡಿಗ್ರಿಗೆ ಕುದಿಯುತ್ತದೆ, ಒಂದು ಬಾರ್ ಹೆಚ್ಚುವರಿ ಒತ್ತಡ ಕೊಟ್ಟರೆ ಸುಮಾರು 120 ಡಿಗ್ರಿಯವರೆಗೆ ತಡೆಯುತ್ತದೆ. ಒತ್ತಡ ಸೋರಿಹೋದರೆ ಆ ತಡೆಯೂ ಹೋಗುತ್ತದೆ, ನಮ್ಮ ಊರಿನ ಮೇ ತಿಂಗಳಿನಲ್ಲಿ ಅದು ಆಟವಲ್ಲ.

ಟ್ಯಾಂಕ್ ಸಿಕ್ಕಿತೆಂದು ಅವರು ಕೈ ತೊಳೆದುಕೊಳ್ಳಲಿಲ್ಲ ಎಂಬುದು ನನಗೆ ಹಿಡಿಸಿದ ಸಂಗತಿ. ಬಾಕ್ಸ್‌ಸ್ಟರ್‌ನ ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿವೆ. ಬಂಪರ್ ಬಿಚ್ಚಿದಾಗ ಎಸಿಯ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಿಂದ ಎರಡು ಬೊಗಸೆ ಒಣ ಎಲೆ, ಅದಿರಿನ ಕೆಂಧೂಳು ಹೊರಬಂದವು. ಅದನ್ನು ಪ್ರೆಶರ್ ಗನ್ ಹಿಡಿದು ಹೊಡೆಯದೆ, ರೆಕ್ಕೆಗಳು ಮಡಚದಂತೆ ಮೆತ್ತನೆಯ ಬ್ರಷ್ ಆಡಿಸಿ, ಹಿಂದಿನಿಂದ ಸಣ್ಣಗೆ ನೀರು ಬಿಟ್ಟು ತೊಳೆದರು. ಹೋಸಿನ ಬಾಯಲ್ಲಿ ಬಿಳಿ ಗಾರೆ ಕಟ್ಟಿತ್ತು. ಹಿಂದಿನ ಮಾಲೀಕರಲ್ಲಿ ಯಾರೋ ಬೋರ್‌ವೆಲ್‌ನ ಸವಳು ನೀರನ್ನೇ ತುಂಬಿಸಿದ್ದಿರಬೇಕು. ಸೀಟುಗಳ ಹಿಂದಿನ ಫಲಕ ತೆಗೆದು ನೋಡಿದಾಗ ವಾಟರ್ ಪಂಪಿನ ಪುಲ್ಲಿಯ ಹಿಂದೆಯೂ ಒಣಗಿದ ಕೂಲಂಟ್‌ನ ಜಾಡು ಕಾಣಿಸಿತು. ಪಂಪನ್ನೂ ಬದಲಾಯಿಸಬೇಕೆಂದಾಗ ಬಿಲ್ಲು ಬೆಳೆಸುವ ಉಪಾಯವೆಂದು ನಾನು ಮನಸ್ಸಿನಲ್ಲೇ ಸಂಶಯಪಟ್ಟಿದ್ದೆ. ಹಳೆಯ ಪಂಪನ್ನು ಕೈಗೆ ಕೊಟ್ಟಾಗ ಅದರ ಪ್ಲಾಸ್ಟಿಕ್ ಚಕ್ರದ ಒಂದು ಎಸಳು ತುದಿಯಲ್ಲಿ ಸವೆದು ಹೋಗಿತ್ತು. ಆ ಎಸಳು ಮುರಿದು ಎಂಜಿನ್ನಿನ ನೀರಿನ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ ನಾಲ್ಕು ಲಕ್ಷದ ಪಟ್ಟಿ ನಿಜವಾಗುತ್ತಿತ್ತು.

ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ ಇರುವ ಈ ಕಾರಿಗೆ 15 ಲೀಟರಿಗೂ ಹೆಚ್ಚು ಕೂಲಂಟ್ ಬೇಕು, ಮೇಲಿನಿಂದ ಸುರಿದರೆ ಉದ್ದ ಪೈಪುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಕಂಪ್ರೆಸರಿನ ನೆರವಿನಿಂದ ಒಳಗಿನ ಗಾಳಿಯನ್ನೆಲ್ಲ ಹೀರಿ, ಆ ನಿರ್ವಾತವೇ ಕೂಲಂಟನ್ನು ಎಳೆದುಕೊಳ್ಳುವಂತೆ ತುಂಬಿದರು.

ಕೂಲಿ 14,500 ರೂಪಾಯಿ. ಬಿಡಿಭಾಗಗಳ ರಸೀತಿ ಬೇರೆಯಾಗಿ ತೋರಿಸಿದರು. ದೂರುಗಳೂ ಇವೆ. ಮೂರು ದಿನವೆಂದದ್ದು ಹನ್ನೊಂದು ದಿನವಾಯಿತು, ನಡುವೆ ಫೋನ್ ಎತ್ತಲಿಲ್ಲ. ಬಾಯಿಲೆಕ್ಕವೇ ಅವರ ರೂಢಿ, ಲಿಖಿತ ಬಿಲ್ಲನ್ನು ನಾನು ಎರಡು ಸಲ ಕೇಳಿ ಪಡೆಯಬೇಕಾಯಿತು. ಕಾರಿನ ಅಡಿಹಲಗೆಯ ಎರಡು ಕ್ಲಿಪ್ಪುಗಳನ್ನು ಹಾಕದೆ ಬಿಟ್ಟಿದ್ದರಿಂದ ಮನೆ ಸೇರುವವರೆಗೂ ಅದು ಗಡಗಡ ಎನ್ನುತ್ತಿತ್ತು. ಹೋಗಿ ಹೇಳಿದ ಮೇಲೆ ಹುಡುಗನೊಬ್ಬ ಐದು ನಿಮಿಷದಲ್ಲಿ ಸರಿಪಡಿಸಿದ.

ಐದು ತಿಂಗಳು ಕಳೆದಿವೆ, ಸಂಡೂರಿನ ಘಾಟಿಯನ್ನು ಎರಡು ಸಲ ಹತ್ತಿಳಿದಿದ್ದೇನೆ, ಟ್ಯಾಂಕಿನ ಮಟ್ಟ ಗೆರೆ ಬಿಟ್ಟು ಕದಲಿಲ್ಲ. ಡಿಕ್ಕಿಯ ಕಾರ್ಪೆಟ್ ಮಾತ್ರ ಮಧ್ಯಾಹ್ನದ ಬಿಸಿಲಿಗೆ ಇನ್ನೂ ಸಿಹಿ ವಾಸನೆ ಬೀರುತ್ತದೆ. ಅಲ್ಲಿಗೆ ಹೋಗುವವರು ಕಾರನ್ನು ಹಿಂದಿನ ಸಂಜೆಯೇ ಬಿಟ್ಟು ಬರಬೇಕು. ಬಿಸಿ ಎಂಜಿನ್ನಿನ ಮುಚ್ಚಳಕ್ಕೆ ಉಸ್ತಾದ್ ಕೈ ಹಾಕುವುದಿಲ್ಲ.