ಯುವಜನರ ಸತ್ಯವೇದ ಅಧ್ಯಯನ ತರಗತಿ: ಒಬ್ಬ ತಾಯಿಯ ಅಭಿಪ್ರಾಯ

ನಮ್ಮ ಊರಿನ ಕ್ರೈಸ್ತ ಸಭೆಯೊಂದು ಭಾನುವಾರದ ಆರಾಧನೆಯ ನಂತರ ಹದಿಹರೆಯದವರಿಗಾಗಿ ನಡೆಸುವ ಸತ್ಯವೇದ (ಬೈಬಲ್) ಅಧ್ಯಯನ ತರಗತಿಗೆ ನನ್ನ ಮಗಳು ಮೂರು ತಿಂಗಳಿಂದ ಹೋಗುತ್ತಿದ್ದಾಳೆ. ವಾಕ್ಯಗಳನ್ನು ಬಾಯಿಪಾಠ ಮಾಡಿಸಿ ಕಳುಹಿಸುವ ಪದ್ಧತಿಯನ್ನು ಇಲ್ಲಿ ಕೈಬಿಟ್ಟಿರುವುದೇ ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಸತ್ಯವೇದದ ಜ್ಞಾನೋಕ್ತಿಗಳು ಎಂಬ ಪುಸ್ತಕದಲ್ಲಿ 31 ಅಧ್ಯಾಯಗಳಿರುವುದರಿಂದ ಮಕ್ಕಳು ದಿನಕ್ಕೊಂದರಂತೆ ಓದಿ, ಅದರ ಯಾವ ಮಾತು ಮನೆಯಲ್ಲೋ ಕಾಲೇಜಿನಲ್ಲೋ ಉಪಯೋಗಕ್ಕೆ ಬಂತೆಂದು ಎರಡು ಸಾಲು ಬರೆದುಕೊಳ್ಳುತ್ತಾರೆ. ಕೇಳುವುದರಲ್ಲಿ ಚುರುಕಾಗಿಯೂ ಮಾತಿನಲ್ಲಿ ಹಾಗೂ ಕೋಪದಲ್ಲಿ ನಿಧಾನವಾಗಿಯೂ ಇರಬೇಕೆಂಬ ಸತ್ಯವೇದದ ಯಾಕೋಬನ ಪತ್ರಿಕೆಯ (ಪತ್ರದ) ಬುದ್ಧಿಮಾತನ್ನು ಕಲಿತ ವಾರ, ಗೆಳತಿಗೆ ವಾಟ್ಸಾಪ್‌ನಲ್ಲಿ ಬರೆದಿದ್ದ ಸಿಟ್ಟಿನ ಉತ್ತರವನ್ನು ಮಗಳು ಕಳುಹಿಸದೆ ಅಳಿಸಿದಳು. ಅದನ್ನು ಅವಳೇ ಬಂದು ಹೇಳಿದಾಗ ನನ್ನ ಕಣ್ಣು ತುಂಬಿತು.

ಒಂದು ಕೊರತೆಯಿದೆ. 1831ರಲ್ಲೇ ಪೂರ್ಣವಾಗಿ ಕನ್ನಡಕ್ಕೆ ಬಂದ ಗ್ರಂಥವನ್ನು ಇಂಗ್ಲಿಷ್ ಮಾಧ್ಯಮದ ಮಕ್ಕಳು ತಡವರಿಸುತ್ತ ಓದುವಾಗ, ಹಳೆಯ ಶೈಲಿಯ ಪದಗಳನ್ನು ಬಿಡಿಸಿ ಹೇಳಲು ಒಂದು ಗಂಟೆ ಸಾಲುವುದಿಲ್ಲ. ಸರಳವಾದ ಹೊಸ ಅನುವಾದವೂ ಜೊತೆಗಿದ್ದರೆ ಒಳ್ಳೆಯದು.

ಶುಲ್ಕವಿಲ್ಲ. ಪ್ರಶ್ನೆ ಕೇಳಿದವರನ್ನು ಗದರಿಸುವುದೂ ಇಲ್ಲ: ಸತ್ಯವೇದದಲ್ಲಿ ಬರುವ ಯೋಬನಂಥ ನೀತಿವಂತನಿಗೆ ಅಷ್ಟು ಕಷ್ಟ ಏಕೆ ಬಂತೆಂದು ಹುಡುಗನೊಬ್ಬ ಕೇಳಿದಾಗ, ಶಿಕ್ಷಕರು ಅವಸರದ ಉತ್ತರ ಕೊಡದೆ ಮುಂದಿನ ಎರಡು ತರಗತಿಗಳನ್ನು ಆ ಪ್ರಶ್ನೆಗೇ ಮೀಸಲಿಟ್ಟರು.